ಅಮೆರಿಕದಲ್ಲಿ ಸ್ವಂತ ಟ್ರಕ್ಕನ್ನು ಕಂಪನಿಗೆ ಲೀಸ್ ಹಾಕುವುದು: ಶೇ. 72 ಮೇಲೋ, ಮೈಲಿಗೆ 1.15 ಡಾಲರ್ ಮೇಲೋ?

ಹದಿನೆಂಟು_ಗಾಲಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕ್ಲಾಸ್ ಎ ಸಿಡಿಎಲ್ (ಭಾರಿ ಟ್ರಕ್ ಓಡಿಸುವ ಲೈಸೆನ್ಸ್) ಇದೆ, ಸಾಲ ತೀರಿದ 2019ರ ಸ್ಲೀಪರ್ ಟ್ರ್ಯಾಕ್ಟರ್ (ಟ್ರೇಲರ್ ಎಳೆಯುವ, ಮಲಗಲು ಜಾಗವಿರುವ ಗಾಡಿ) ಇದೆ, ಟ್ರೇಲರ್ ಇಲ್ಲ. ಸದ್ಯಕ್ಕೆ ಸ್ವಂತ ಅಥಾರಿಟಿ (ಸರಕು ಸಾಗಿಸಲು ಸರ್ಕಾರದ ಪರವಾನಗಿ) ಬೇಡ, ಡ್ರೈ ವ್ಯಾನ್ (ಮುಚ್ಚಿದ ಪೆಟ್ಟಿಗೆಯಂಥ ಟ್ರೇಲರ್) ಕಂಪನಿಯೊಂದರ ಅಥಾರಿಟಿ ಕೆಳಗೆ ಲೀಸ್ ಹಾಕೋಣ ಅಂತಿದ್ದೇನೆ. ಎರಡು ಕಡೆಯಿಂದ ಕರಾರು ಬಂದಿದೆ. ಒಂದರಲ್ಲಿ ಸರಕು ಸಾಗಣೆ ಬಾಡಿಗೆಯ ಶೇ. 72 ನನಗೆ, ಫ್ಯೂಯಲ್ ಸರ್‌ಚಾರ್ಜೂ (ಡೀಸೆಲ್ ದರಕ್ಕಾಗಿ ಸೇರಿಸುವ ಹೆಚ್ಚುವರಿ ಹಣ) ಅದರೊಳಗೇ. ಇನ್ನೊಂದರಲ್ಲಿ ತುಂಬಿ ಓಡಿದರೂ ಖಾಲಿ ಓಡಿದರೂ ಮೈಲಿಗೆ 1.15 ಡಾಲರ್, ಜೊತೆಗೆ ತುಂಬಿದ ಮೈಲಿಗೆ ಮಾತ್ರ ಸರ್‌ಚಾರ್ಜ್. ಎರಡರಲ್ಲೂ 2,500 ಡಾಲರ್ ಎಸ್ಕ್ರೋ (ಕಂಪನಿಯ ಬಳಿ ಇಡುವ ಠೇವಣಿ), ವಾರಕ್ಕೆ 250ರಂತೆ ಹಿಡಿಯುತ್ತಾರೆ. ಇನ್ಶೂರೆನ್ಸ್, ಇಎಲ್‌ಡಿ (ಓಡಿಸಿದ ಗಂಟೆಗಳನ್ನು ದಾಖಲಿಸುವ ಯಂತ್ರ), ಟ್ರೇಲರ್ ಬಾಡಿಗೆ ಅಂತ ಕಡಿತದ ಪಟ್ಟಿ ಬೇರೆ. ಸಹಿಗೆ ಮುಂಚೆ ಏನೇನು ನೋಡಬೇಕು?

ಮೈಲಿಗಲ್ಲು

ಮೊದಲು ಎರಡನ್ನೂ ಒಂದೇ ಅಳತೆಗೆ ತನ್ನಿ. ಓಡೋಮೀಟರ್ ಲೆಕ್ಕದ ಪ್ರತಿ ಮೈಲಿಗೆ, ಖಾಲಿ ತುಂಬಿದ್ದು ಎಲ್ಲ ಸೇರಿ, ಕೈಗೆಷ್ಟು ಬಿತ್ತು ಅನ್ನೋದೇ ಆ ಅಳತೆ.

ಉದಾಹರಣೆಗೆ ಒಂದು ಲೋಡ್: 150 ಮೈಲಿ ಖಾಲಿ ಹೋಗಿ ತುಂಬಿಸಿಕೊಂಡು 1,000 ಮೈಲಿ ಓಡಬೇಕು, ಎಲ್ಲ ಸೇರಿ ಬಾಡಿಗೆ 2,400 ಡಾಲರ್. ಶೇ. 72ರಂತೆ ನಿಮಗೆ 1,728. ಎರಡನೇ ಕರಾರಿನಲ್ಲಿ 1,150 ಮೈಲಿಗೆ 1.15ರಂತೆ 1,322.50. ಅದಕ್ಕೆ ಸರ್‌ಚಾರ್ಜ್ ಸೇರಿಸಿ. ಡೀಸೆಲ್ ದರದಿಂದ ಕರಾರಿನ ಮೂಲ ದರ ಕಳೆದು, ಗ್ಯಾಲನ್ನಿಗೆ ಇಷ್ಟು ಮೈಲಿ ಅಂತ ಬರೆದಿರುವ ಸಂಖ್ಯೆಯಿಂದ ಭಾಗಿಸುವುದು ರೂಢಿಯ ಲೆಕ್ಕ. ಡೀಸೆಲ್ 3.60, ಮೂಲ ದರ 1.20, ಗ್ಯಾಲನ್ನಿಗೆ 6 ಮೈಲಿ ಅಂದರೆ ಮೈಲಿಗೆ 40 ಸೆಂಟ್, ಸಾವಿರ ಮೈಲಿಗೆ 400 ಡಾಲರ್. ಒಟ್ಟು 1,722.50. ಅಂದರೆ ತುಂಬಿದ ಮೈಲಿಗೆ ಸುಮಾರು 2.39 ಡಾಲರ್ ಬಾಡಿಗೆ ಇರುವ ಕಡೆ ಎರಡೂ ತೂಗುತ್ತವೆ. ಬಾಡಿಗೆ 1,900ಕ್ಕೆ ಇಳಿದರೆ ಶೇಕಡಾವಾರಿನಲ್ಲಿ ಸಿಗೋದು 1,368 ಮಾತ್ರ, 3,000ಕ್ಕೆ ಏರಿದರೆ 2,160. ಮಾರುಕಟ್ಟೆಯ ಏರಿಳಿತ ನಿಮ್ಮ ಹೆಗಲ ಮೇಲೋ ಕಂಪನಿಯ ಹೆಗಲ ಮೇಲೋ ಅನ್ನೋದಷ್ಟೇ ವ್ಯತ್ಯಾಸ. ಎರಡು ಮೂರು ತಿಂಗಳ ಡೀಸೆಲ್ಲು, ರಿಪೇರಿಗೆ ಸಾಕಾಗುವ ದುಡ್ಡು ಬ್ಯಾಂಕಿನಲ್ಲಿ ಇಲ್ಲದವರು ಶೇಕಡಾವಾರಿಗೆ ಹೋಗಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಮೈಲಿ ಲೆಕ್ಕಕ್ಕೆ ಹೋಗೋದಾದರೆ ಯಾವ ಮೈಲಿ ಅಂತ ಕೇಳಿ. ಪ್ರಾಕ್ಟಿಕಲ್ ಮೈಲಿ ಅಂದರೆ ಟ್ರಕ್ ನಿಜವಾಗಿ ಓಡುವ ದಾರಿಗೆ ಹತ್ತಿರ. ಶಾರ್ಟ್ ಮೈಲಿ ಅಥವಾ ಹೌಸ್‌ಹೋಲ್ಡ್ ಗೂಡ್ಸ್ ಮೈಲಿ ಅಂತ ಬರೆದಿದ್ದರೆ ಕಾಗದದ ಮೇಲಿನ ದೂರ ಕಡಿಮೆ ಬರುತ್ತದೆ. ನೀವು 1,150 ಓಡಿ 1,070ಕ್ಕೆ ದುಡ್ಡು ಬಂದರೆ ನಿಮ್ಮ 1.15 ಅನ್ನೋದು ನಿಜದಲ್ಲಿ 1.07.

ಕರಾರು_ಓದಿ

ಮೇಲಿನವರ ಲೆಕ್ಕ ಸರಿ. ಆದರೆ ದುಡ್ಡು ಸೋರೋದು ದರದಲ್ಲಲ್ಲ, ಕಡಿತದಲ್ಲಿ. ಫೆಡರಲ್ ನಿಯಮ 49 ಸಿಎಫ್‌ಆರ್ ಭಾಗ 376 ಓದಿಕೊಳ್ಳಿ, ಅದರಲ್ಲೂ 376.12. ಟ್ರೂತ್ ಇನ್ ಲೀಸಿಂಗ್ ಅಂತ ಕರೆಯೋದು ಇದನ್ನೇ. ಕರಾರು ಬರಹದಲ್ಲಿರಬೇಕು, ಅದರ ಒಂದು ಪ್ರತಿ, ಇಲ್ಲವೇ ನಿಯಮ ಒಪ್ಪುವ ಹೇಳಿಕೆ ಪತ್ರ, ಲೀಸ್ ಮುಗಿಯುವ ತನಕ ಟ್ರಕ್ಕಿನಲ್ಲೇ ಇರಬೇಕು.

ಕಂಪನಿ ಮೊದಲು ಕಟ್ಟಿ ಆಮೇಲೆ ನಿಮ್ಮ ಸೆಟ್ಲ್‌ಮೆಂಟಿನಲ್ಲಿ (ನಿಮಗೆ ಕೊಡುವ ಹಣದ ಲೆಕ್ಕದಲ್ಲಿ) ಹಿಡಿಯುವ ಪ್ರತಿಯೊಂದು ಬಾಬ್ತೂ, ಅದರ ಮೊತ್ತವನ್ನು ಹೇಗೆ ಲೆಕ್ಕ ಹಾಕುತ್ತಾರೆ ಅನ್ನೋದೂ ಕರಾರಿನಲ್ಲಿ ಇರಲೇಬೇಕು. ಬಿಲ್ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ‘ಇತರೆ ಆಡಳಿತ ಶುಲ್ಕ’ ಅಂತ ಒಂದು ಸಾಲು ಕಂಡರೆ ಬಿಡಿಸಿ ಬರೆಸಿ, ಇಲ್ಲವಾದರೆ ಹೊಡೆದು ಹಾಕಿಸಿ. ಲೀಸ್‌ಗೆ ಸೇರಬೇಕಾದರೆ ನಮ್ಮಿಂದಲೇ ಟೈರು, ಇನ್ಶೂರೆನ್ಸ್ ಕೊಳ್ಳಬೇಕು ಅಂತ ಷರತ್ತು ಹಾಕುವ ಹಾಗಿಲ್ಲ.

ಎಸ್ಕ್ರೋ ಬಗ್ಗೆ: ಆ ದುಡ್ಡು ನಿಮ್ಮದು, ಕಂಪನಿಯದಲ್ಲ. ಯಾವ ಯಾವ ಬಾಬ್ತಿಗೆ ಅದರಿಂದ ಮುರಿದುಕೊಳ್ಳಬಹುದು ಅಂತ ಬರೆದಿರಬೇಕು, ಕೇಳಿದಾಗ ಲೆಕ್ಕ ಕೊಡಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡಬೇಕು. ಆ ಬಡ್ಡಿ 91 ದಿನದ ಟ್ರೆಷರಿ ಬಿಲ್ಲಿನ (ಅಮೆರಿಕ ಸರ್ಕಾರದ ಸಾಲಪತ್ರ) ಸರಾಸರಿ ದರಕ್ಕಿಂತ ಕಡಿಮೆ ಇರಬಾರದು. ಲೀಸ್ ಮುಗಿದ 45 ದಿನದೊಳಗೆ ಉಳಿದ ಹಣ ವಾಪಸ್ ಬರಬೇಕು. ‘ವರ್ಷದೊಳಗೆ ಬಿಟ್ಟರೆ ಎಸ್ಕ್ರೋ ಮುಟ್ಟುಗೋಲು’ ಅನ್ನುವ ಸಾಲಿದ್ದರೆ ಸಹಿ ಹಾಕಬೇಡಿ.

ಪಾವತಿ: ಡೆಲಿವರಿ ಕಾಗದ ಕೊಟ್ಟ 15 ದಿನದೊಳಗೆ. ದುಡ್ಡು ಕೊಡಲು ಕಂಪನಿ ಕೇಳಬಹುದಾದದ್ದು ಲಾಗ್ (ಓಡಿಸಿದ ಗಂಟೆಗಳ ದಾಖಲೆ), ಮತ್ತು ಸರಕಿನವರಿಂದ ಬಾಡಿಗೆ ವಸೂಲಿಗೆ ಬೇಕಾದ ಕಾಗದ, ಇಷ್ಟೇ. ಬಿಲ್ ಆಫ್ ಲೇಡಿಂಗ್ (ಸರಕಿನ ವಿವರದ ರಸೀದಿ) ಮೇಲೆ ರಿಸೀವರ್ ‘ಎರಡು ಡಬ್ಬ ಜಜ್ಜಿದೆ’ ಅಂತ ಬರೆದ ಮಾತ್ರಕ್ಕೆ ನಿಮ್ಮ ಪಾವತಿ ತಡೆಹಿಡಿಯುವ ಹಾಗಿಲ್ಲ. ಸರಕು ಹಾಳಾದದ್ದಕ್ಕೆ ಹಿಡಿಯೋದಾದರೆ, ಹಿಡಿಯುವ ಮೊದಲೇ ಕಾರಣ, ಮೊತ್ತ ಬರಹದಲ್ಲಿ ಕೊಡಬೇಕು.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ತೂಕದ ದಂಡ. ಮೊದಲೇ ತುಂಬಿ ಸೀಲ್ ಮಾಡಿ ಕೊಟ್ಟ ಟ್ರೇಲರ್ ಅಧಿಕ ತೂಕದ್ದಾಗಿ ದಂಡ ಬಿದ್ದರೆ, ತಪ್ಪು ನಿಮ್ಮದಲ್ಲದಿದ್ದಲ್ಲಿ ಅದು ಕಂಪನಿಯ ಹೊರೆ. ಹಾಗಂತ ತೂಕ ನೋಡದೆ ಹೊರಡಬೇಡಿ. ಹತ್ತಿರದ ಸ್ಕೇಲಿನಲ್ಲಿ ನಿಲ್ಲಿಸಿ: ಸ್ಟಿಯರ್ (ಮುಂದಿನ) ಆಕ್ಸಲ್ ಸಾಮಾನ್ಯವಾಗಿ 12,000 ಪೌಂಡ್, ಡ್ರೈವ್ ಟ್ಯಾಂಡಮ್ (ಟ್ರಕ್ಕಿನ ಹಿಂದಿನ ಜೋಡಿ ಆಕ್ಸಲ್) 34,000, ಟ್ರೇಲರ್ ಟ್ಯಾಂಡಮ್ 34,000, ಒಟ್ಟು 80,000. ಹೆಚ್ಚಿದ್ದರೆ ಡಿಸ್ಪ್ಯಾಚಿಗೆ (ಕಂಪನಿಯಲ್ಲಿ ಲೋಡ್ ಹಂಚುವವರಿಗೆ) ಮೆಸೇಜಿನಲ್ಲೇ ತಿಳಿಸಿ, ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರೋದಿಲ್ಲ.

ಹದಿನೆಂಟು_ಗಾಲಿ

ತುಂಬ ಉಪಕಾರ ಆಯ್ತು. ಶೇ. 72 ಅಂದರೆ ಯಾವ ಮೊತ್ತದ ಮೇಲೆ? ಕರಾರಿನಲ್ಲಿ ‘ಲೈನ್‌ಹಾಲ್ ಆದಾಯ’ ಅಂತಷ್ಟೇ ಇದೆ.

ಕರಾರು_ಓದಿ

ಕುತ್ತಿಗೆ ಕುಯ್ಯೋದು ಆ ಒಂದು ಪದವೇ. ಲೈನ್‌ಹಾಲ್ (ಸರಕು ಒಯ್ದದ್ದರ ಮೂಲ ಬಾಡಿಗೆ) ಅಂದಾಗ ಸರ್‌ಚಾರ್ಜ್, ಡಿಟೆನ್ಷನ್ (ಕಾಯಿಸಿದ್ದಕ್ಕೆ ಹಣ), ಲೇಓವರ್ (ತಂಗಿಸಿದ್ದಕ್ಕೆ ಹಣ), ಹೆಚ್ಚುವರಿ ಸ್ಟಾಪ್ ಇವುಗಳನ್ನು ಹೊರಗಿಡಬಹುದು. ನಿಮಗೆ ಬಾಯಲ್ಲಿ ಹೇಳಿದ್ದು ‘ಸರ್‌ಚಾರ್ಜ್ ಒಳಗೇ’ ಅಂತ, ಕಾಗದದಲ್ಲಿ ಇರೋದು ಬೇರೆ. ಒಂದೊಂದರ ಹೆಸರು ಬರೆಸಿ, ಎಷ್ಟು ಶೇಕಡಾ ಅಂತ ಎದುರಿಗೆ ಹಾಕಿಸಿ. ಕೆಲವು ಕಂಪನಿಗಳಿಗೆ ತಮ್ಮದೇ ಬ್ರೋಕರೇಜ್ ಶಾಖೆ ಇರುತ್ತದೆ. ಅದು ಮೊದಲು ತನ್ನ ಪಾಲು ತೆಗೆದು ಉಳಿದದ್ದನ್ನು ‘ಬಾಡಿಗೆ’ ಅಂತ ತೋರಿಸಿದರೆ ನಿಮ್ಮ 72 ಯಾವುದರ 72 ಅಂತ ಕೇಳಬೇಕಾಗುತ್ತದೆ. ಶೇಕಡಾವಾರು ಕರಾರಿನಲ್ಲಿ ಸೆಟ್ಲ್‌ಮೆಂಟಿನ ಹೊತ್ತಿಗೋ ಮುಂಚೆಯೋ ದರ ನಮೂದಿಸಿದ ಫ್ರೈಟ್ ಬಿಲ್ಲಿನ ಪ್ರತಿ ಕೊಡಲೇಬೇಕು. ಗ್ರಾಹಕರ ಹೆಸರು ಮುಚ್ಚಬಹುದು, ಮೊತ್ತ ಮುಚ್ಚುವ ಹಾಗಿಲ್ಲ. ಸಹಿಗೆ ಮುಂಚೆ ಮಾದರಿ ಸೆಟ್ಲ್‌ಮೆಂಟ್ ಶೀಟೊಂದನ್ನು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಕಂಪನಿ ನೋಡಿಕೊಳ್ಳಿ.

ಲೂಪ್_ಹೋಲ್ಡರ್

ಇನ್ಶೂರೆನ್ಸ್ ಯಾರೂ ಮುಟ್ಟಲಿಲ್ಲ. ಲೋಡಿನ ಮೇಲಿರುವಾಗ ಮೂರನೆಯವರಿಗಾಗುವ ಹಾನಿಗೆ ಕಂಪನಿಯ ಪ್ರೈಮರಿ ಲಯಬಿಲಿಟಿ ಇರುತ್ತದೆ. ಸಾಮಾನ್ಯ ಸರಕಿಗೆ ಫೆಡರಲ್ ಕನಿಷ್ಠ 7,50,000 ಡಾಲರ್, ಬ್ರೋಕರುಗಳು ಕೇಳೋದು ಹೆಚ್ಚಾಗಿ 10 ಲಕ್ಷ. ನಿಮ್ಮ ಟ್ರಕ್ಕಿಗೇ ಪೆಟ್ಟಾದರೆ ಫಿಸಿಕಲ್ ಡ್ಯಾಮೇಜ್ ಪಾಲಿಸಿ ನಿಮ್ಮದೇ ಇರಬೇಕು. ನೀವು ಗುತ್ತಿಗೆದಾರ, ನೌಕರ ಅಲ್ಲ. ಹಾಗಾಗಿ ಮೈಗೆ ಪೆಟ್ಟಾದರೆ ಸಾಮಾನ್ಯವಾಗಿ ವರ್ಕರ್ಸ್ ಕಾಂಪ್ (ಕೆಲಸದಲ್ಲಿ ಗಾಯವಾದ ನೌಕರರಿಗೆ ಕೊಡುವ ಪರಿಹಾರ) ಸಿಗೋದಿಲ್ಲ, ಆಕ್ಯುಪೇಷನಲ್ ಆಕ್ಸಿಡೆಂಟ್ ಪಾಲಿಸಿ ತಗೊಳ್ಳಬೇಕು.

ಎಡವೋದು ಬಾಬ್‌ಟೇಲ್ ಮತ್ತು ನಾನ್-ಟ್ರಕಿಂಗ್ ಲಯಬಿಲಿಟಿ ನಡುವೆ. ಬಾಬ್‌ಟೇಲ್ ಪಾಲಿಸಿ ನೋಡುವುದು ಹಿಂದೆ ಟ್ರೇಲರ್ ಇದೆಯೋ ಇಲ್ಲವೋ ಅನ್ನೋದನ್ನು. ನಾನ್-ಟ್ರಕಿಂಗ್ ನೋಡುವುದು ಕಂಪನಿ ಕೆಲಸದ ಮೇಲಿದ್ದೀರೋ ಇಲ್ಲವೋ ಅನ್ನೋದನ್ನು. ಟ್ರೇಲರ್ ಬಿಟ್ಟು ಡಿಸ್ಪ್ಯಾಚ್ ಹೇಳಿದ ಮುಂದಿನ ಲೋಡಿಗೆ ಹೋಗುತ್ತಾ ಗುದ್ದಿದರೆ ಎರಡನೆಯದು ಕೈ ಎತ್ತುತ್ತದೆ. ಆ ಹೊತ್ತಿನಲ್ಲಿ ಯಾರ ಪಾಲಿಸಿ ಅಂತ ಕರಾರಿನಲ್ಲಿ ಸ್ಪಷ್ಟ ಮಾಡಿಸಿ. ಕಂಪನಿ ಮೂಲಕವೇ ಪಾಲಿಸಿ ಕೊಂಡರೆ ಸರ್ಟಿಫಿಕೇಟ್ ತರಿಸಿಕೊಳ್ಳಿ: ವಿಮೆಗಾರರ ಹೆಸರು, ಪಾಲಿಸಿ ಸಂಖ್ಯೆ, ಅವಧಿ, ಡಿಡಕ್ಟಿಬಲ್ (ನಷ್ಟದಲ್ಲಿ ನೀವೇ ಕಟ್ಟಬೇಕಾದ ಮೊದಲ ಪಾಲು), ಪ್ರತಿ ಕವರೇಜಿಗೆ ನಿಮ್ಮಿಂದ ಹಿಡಿಯುವ ಮೊತ್ತ ಎಲ್ಲ ಅದರಲ್ಲಿರಬೇಕು.

ಡೀಸೆಲ್_ಲೆಕ್ಕ

ತೆರಿಗೆ ಭಾಗ. 55,000 ಪೌಂಡ್ ಮತ್ತು ಮೇಲಿನ ಟ್ರಕ್ಕಿಗೆ ಫಾರ್ಮ್ 2290 (ಭಾರಿ ಗಾಡಿಗಳ ಹೆದ್ದಾರಿ ಬಳಕೆ ತೆರಿಗೆ), ನಿಮ್ಮ 80,000ದ್ದಕ್ಕೆ ವರ್ಷಕ್ಕೆ 550 ಡಾಲರ್, ಜುಲೈನಿಂದ ಓಡುವ ಗಾಡಿಗೆ ಆಗಸ್ಟ್ ಕೊನೆಯೊಳಗೆ. ಮುದ್ರೆ ಬಿದ್ದ ಶೆಡ್ಯೂಲ್ 1 ಇಲ್ಲದೆ ಪ್ಲೇಟ್ ನವೀಕರಣ ಆಗೋದಿಲ್ಲ.

ಕಂಪನಿ ನಿಮ್ಮ ತೆರಿಗೆ ಹಿಡಿಯೋದಿಲ್ಲ. ವರ್ಷಾಂತ್ಯಕ್ಕೆ 1099 (ನಿಮಗೆ ಎಷ್ಟು ಕೊಟ್ಟಿತು ಅನ್ನುವ ತೆರಿಗೆ ಫಾರ್ಮ್) ಕೊಡುತ್ತದೆ, ಅಷ್ಟೇ. ಸ್ವಯಂ ಉದ್ಯೋಗ ತೆರಿಗೆ ಶೇ. 15.3, ಮೇಲೆ ಆದಾಯ ತೆರಿಗೆ. ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ 15ಕ್ಕೆ ಅಂದಾಜು ಕಂತು ಕಟ್ಟುತ್ತಾ ಬನ್ನಿ. ಊಟದ ದಿನಭತ್ಯೆ ಮರೆಯಬೇಡಿ: 2024ರ ಅಕ್ಟೋಬರ್‌ನಿಂದ ಪೂರ್ತಿ ದಿನಕ್ಕೆ 80 ಡಾಲರ್, ಅದರ ಶೇ. 80 ಅಂದರೆ 64 ಡಾಲರ್ ಖರ್ಚು ತೋರಿಸಬಹುದು. ಮನೆಯಿಂದ ದೂರ ಮಲಗಿದ ದಿನಗಳಿಗೆ ಮಾತ್ರ. ಇಎಲ್‌ಡಿ ಲಾಗೇ ಇದಕ್ಕೆ ದಾಖಲೆ, ಪ್ರತಿ ತೆಗೆದಿಡಿ.

ಇಫ್ಟಾ (ರಾಜ್ಯಗಳ ನಡುವೆ ಇಂಧನ ತೆರಿಗೆ ಹಂಚುವ ಒಪ್ಪಂದ) ರಿಟರ್ನ್ ಸಾಮಾನ್ಯವಾಗಿ ಕಂಪನಿಯೇ ತುಂಬುತ್ತದೆ, ಆದರೆ ಬಾಕಿಯನ್ನು ನಿಮ್ಮ ಮೇಲೆ ಹಾಕುತ್ತದೋ ಇಲ್ಲವೋ ಕೇಳಿ. ಹಾಕುವುದಾದರೆ ಪಂಪಿನ ದರ ನೋಡಿ ಮೋಸ ಹೋಗಬೇಡಿ. ತೆರಿಗೆ ಸೇರೋದು ಓಡಿದ ರಾಜ್ಯಕ್ಕೆ, ತುಂಬಿಸಿದ ರಾಜ್ಯಕ್ಕಲ್ಲ. ಹಾಗಾಗಿ ಹೋಲಿಸಬೇಕಾದದ್ದು ರಾಜ್ಯದ ತೆರಿಗೆ ಕಳೆದ ದರವನ್ನು. ಫ್ಯೂಯಲ್ ಕಾರ್ಡಿನ ರಿಯಾಯಿತಿ ಪೂರ್ತಿ ನಿಮಗೇ ಬರುತ್ತದೋ ಅನ್ನೋದನ್ನೂ ಬರಹದಲ್ಲಿ ತಗೊಳ್ಳಿ.

ಜೊತೆಗೆ ಮೈಲಿಗೆ 15 ಸೆಂಟಾದರೂ ರಿಪೇರಿಗೆ ಬೇರೆ ಖಾತೆಯಲ್ಲಿಡಿ, ವಾರಕ್ಕೆ 2,500 ಮೈಲಿಗೆ 375 ಡಾಲರ್. 2019ರ ಇಂಜಿನ್ನಿನಲ್ಲಿ ಹೊಗೆ ಶುದ್ಧಿ ಮಾಡುವ ಭಾಗಗಳಾದ ಡಿಪಿಎಫ್, ನಾಕ್ಸ್ ಸೆನ್ಸರ್, ಡಿಇಎಫ್ ಡೋಸರ್ ಇವೇ ಕೈ ಕೊಡೋದು. ದೋಷ ತೋರಿಸಿದ ಮೇಲೂ ಓಡಿಸುತ್ತಾ ಹೋದರೆ ಇಂಜಿನ್ ತಾನೇ ಶಕ್ತಿ ಇಳಿಸಿಬಿಡುತ್ತದೆ, ಲೋಡೂ ತಪ್ಪುತ್ತದೆ, ಟೋಯಿಂಗ್ ಖರ್ಚೂ ಬೀಳುತ್ತದೆ.

ಮೈಲಿಗಲ್ಲು

ಬಿಡುವಾಗಿನ ಮಾತೊಂದು ಬಾಕಿ ಇದೆ. ಐಆರ್‌ಪಿ ಪ್ಲೇಟ್ (ಹಲವು ರಾಜ್ಯಗಳಲ್ಲಿ ಓಡಲು ಬೇಕಾದ ನಂಬರ್ ಪ್ಲೇಟ್) ಕಂಪನಿಯ ಹೆಸರಿನಲ್ಲಿದ್ದರೆ ಲೀಸ್ ಮುಗಿದ ದಿನ ನಿಮ್ಮ ಟ್ರಕ್ ನಿಂತ ಜಾಗದಲ್ಲೇ ನಿಲ್ಲುತ್ತದೆ. ಆ ಪ್ಲೇಟಿಗೆ ದುಡ್ಡು ನಿಮ್ಮಿಂದ ಹಿಡಿದು, ಆಮೇಲೆ ಕಂಪನಿ ಅದಕ್ಕೆ ರೀಫಂಡ್ ಪಡೆದರೆ ಅಥವಾ ಬೇರೆಯವರಿಗೆ ಮಾರಿದರೆ ಉಳಿದ ತಿಂಗಳುಗಳ ಪಾಲು ನಿಮಗೆ ವಾಪಸ್ ಬರಬೇಕು. ಬಾಗಿಲ ಮೇಲಿನ ಹೆಸರು, ಡಾಟ್ ನಂಬರ್ (ಕಂಪನಿಯ ಸರ್ಕಾರಿ ಗುರುತಿನ ಸಂಖ್ಯೆ) ತೆಗೆದು ಫೋಟೊ ಹಿಡಿಯಿರಿ. ಇಎಲ್‌ಡಿ, ಇಫ್ಟಾ ಲೈಸೆನ್ಸ್, ಫ್ಯೂಯಲ್ ಕಾರ್ಡ್, ಟ್ರೇಲರ್ ಒಪ್ಪಿಸಿದ್ದಕ್ಕೆ ರಸೀದಿ ಬರೆಸಿಕೊಳ್ಳಿ. ಕಂಪನಿಯ ಗುರುತುಗಳನ್ನು ತೆಗೆದು ಹಿಂದಿರುಗಿಸುವ ತನಕ ಕೊನೆಯ ಸೆಟ್ಲ್‌ಮೆಂಟ್ ತಡೆಹಿಡಿಯಲು ಕರಾರಿನಲ್ಲಿ ಅವಕಾಶ ಇಟ್ಟುಕೊಳ್ಳಬಹುದು. ಎಸ್ಕ್ರೋದ 45 ದಿನ ಮೀರಿದರೆ ಮೊದಲು ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿ, ಆಮೇಲೆ ಎಫ್‌ಎಂಸಿಎಸ್‌ಎ (ಟ್ರಕ್ಕಿಂಗ್ ನೋಡಿಕೊಳ್ಳುವ ಫೆಡರಲ್ ಸಂಸ್ಥೆ) ದೂರು ಪೋರ್ಟಲಿನಲ್ಲಿ ದೂರು ಹಾಕಿ.

ಕ್ಯಾಲಿಫೋರ್ನಿಯಾದಲ್ಲಿದ್ದರೆ ಮಾತ್ರ ಸಹಿಗೆ ಮುಂಚೆ ವಕೀಲರನ್ನು ಕಾಣಿ. 2020ರಿಂದ ಅಲ್ಲಿ ಎಬಿ5 ಕಾಯ್ದೆ (ಹಲವು ಗುತ್ತಿಗೆದಾರರನ್ನು ನೌಕರರೆಂದೇ ಎಣಿಸುವುದು) ಇದೆ, ಈ ಬಗೆಯ ಲೀಸ್ ಅಲ್ಲಿ ನಿಲ್ಲೋದು ಕಷ್ಟ.