ಅಪಘಾತದ ಗಾಯ ವಾಸಿಯಾಯಿತು, ಭಯ ಮಾತ್ರ ಹೋಗುತ್ತಿಲ್ಲ. ಏನು ಮಾಡಲಿ?

ಬನಶಂಕರಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಯುಗಾದಿ ಹೊತ್ತಿಗೆ ಹೊಸೂರು ರಸ್ತೆಯಲ್ಲಿ ಲಾರಿಯೊಂದು ಹಿಂದಿನಿಂದ ನನ್ನ ಸ್ಕೂಟರ್‌ಗೆ ಗುದ್ದಿತು. ಮುರಿದ ಕೈ ಕೂಡಿಕೊಂಡಿದೆ. ಆದರೆ ಇಷ್ಟು ತಿಂಗಳಾದರೂ ಲಾರಿ ಹಾರ್ನ್ ಕೇಳಿದರೆ ಅಂಗೈ ಬೆವರುತ್ತದೆ, ಹೊಟ್ಟೆ ಹಿಂಡಿದ ಹಾಗಾಗುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಅತ್ತೆ ದೃಷ್ಟಿ ತೆಗೀತೀನಿ ಅಂತಾರೆ. ಗೆಳತಿ ಧ್ಯಾನ ಶಿಬಿರಕ್ಕೆ ಕರೀತಾಳೆ. ಅಣ್ಣ ಕೌನ್ಸೆಲಿಂಗ್ ಅಂತಾನೆ. ಯಾವುದನ್ನು ಹಿಡಿಯಲಿ? ಮಾತ್ರೆ ಶುರು ಮಾಡಿದರೆ ಬಿಡೋಕೆ ಆಗಲ್ವಂತೆ, ನಿಜಾನಾ?

ಮಲ್ಲೇಶ್ವರಂ ಅಕ್ಕ:
ಒಂದನ್ನೇ ಹಿಡಿಯಬೇಕು ಅಂತ ಏನಿದೆಯಮ್ಮಾ? 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಆಮೇಲೆ ಬಹಳ ಕಾಲ ಆಂಬುಲೆನ್ಸ್ ಸದ್ದಿಗೆ ಅಡುಗೆ ಕಟ್ಟೆ ಹಿಡಿದುಕೊಂಡು ನಿಂತುಬಿಡುತ್ತಿದ್ದೆ. ಕುಕ್ಕರ್ ಕೂಗಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ದುಃಖ ಮೈಗೂ ಇಳಿದಿತ್ತು. ಹಾಗಾಗಿ ಮೈ, ಮನಸ್ಸು ಎರಡಕ್ಕೂ ಆರೈಕೆ ಬೇಕಾಯಿತು.

ಮೊದಲು ಕೌನ್ಸೆಲಿಂಗ್. ನಡೆದದ್ದನ್ನು ತಿಳಿದವರ ಮುಂದೆ ಸ್ವಲ್ಪಸ್ವಲ್ಪವೇ ಬಿಡಿಸಿ ಹೇಳಬೇಕು, ಅದಕ್ಕೆ ಬದಲಿ ಇಲ್ಲ. ಜೊತೆಗೆ ಉಸಿರಾಟ: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಬಿಡುವ ಉಸಿರು ಉದ್ದವಾದರೆ ಎದೆಬಡಿತ ತಗ್ಗುತ್ತದೆ. ಬೆಳಿಗ್ಗೆ ಸ್ಯಾಂಕಿ ಕೆರೆ ಸುತ್ತ ನಡಿಗೆ. ಸಂಜೆ ಕಾಫಿ ಬಂದ್. ಶನಿವಾರ ಭಜನೆ ಮಂಡಳಿ. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಹಾಡಿಸುತ್ತಿದ್ದರು. ಆ ಹೆಂಗಸರ ಋಣ ದೊಡ್ಡದು.

ಧ್ಯಾನ ಶಿಬಿರಕ್ಕೆ ಆತುರ ಬೇಡ. ಕಣ್ಣು ಮುಚ್ಚಿದರೆ ನನಗೆ ಆಸ್ಪತ್ರೆ ಕಾರಿಡಾರೇ ಬರುತ್ತಿತ್ತು. ಯೋಗದ ಮೇಡಂ "ಕಣ್ಣು ತೆರೆದೇ ಇರಿ" ಅಂದರು. ಗೋಡೆಗೆ ಬೆನ್ನು ಕೊಟ್ಟು, ಅಂಗಾಲು ನೆಲಕ್ಕೆ ಒತ್ತಿ, ಬಾಗಿಲಾಚೆಯ ತುಳಸಿ ಕುಂಡ ನೋಡುತ್ತ ಕೂರಿಸಿದರು. ಅದು ಒಗ್ಗಿತು. ಅತ್ತೆ ದೃಷ್ಟಿ ತೆಗೆದರೆ ತೆಗೆಯಲಿ ಬಿಡು, ಪ್ರೀತಿ ಅದು. ಚಿಕಿತ್ಸೆ ಮಾತ್ರ ಮುಂದಕ್ಕೆ ಹಾಕಬೇಡ.

ಆಪ್ತಸಮಾಲೋಚಕ, ಬಸವನಗುಡಿ:
ಅಕ್ಕ ಹೇಳಿದ್ದು ಸರಿ. ತಿಂಗಳು ದಾಟಿದ ಮೇಲೂ ಬೆಚ್ಚುವುದು, ನಿದ್ದೆಗೆಡುವುದು ಇದ್ದರೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ, ಇರಬಹುದಾ ಅಂತ ತೋರಿಸಿಕೊಳ್ಳಬೇಕು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಇದಕ್ಕೆ ಕೊಡುವ ಸರ್ಟ್ರಾಲಿನ್‌ನಂಥವು ಚಟ ಹಿಡಿಸುವುದಿಲ್ಲ. ಆದರೆ ತಟ್ಟನೆ ನಿಲ್ಲಿಸಬಾರದು, ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಅಭ್ಯಾಸವಾಗಿಬಿಡುವ ಭಯ ಇರುವುದು ಕೆಲವು ನಿದ್ದೆ ಮಾತ್ರೆಗಳಿಗೆ. ಅವನ್ನು ಮೆಡಿಕಲ್ ಶಾಪಿನಿಂದ ನೀವೇ ತರಬೇಡಿ.

ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನವರದೇ ವೆಲ್ ಬೀಯಿಂಗ್ ಸೆಂಟರ್ ಇದೆ, ನಿಮಗೆ ಹತ್ತಿರ. ನಿಮ್ಹಾನ್ಸ್‌ನಲ್ಲಿ ಯೋಗ, ಆಯುರ್ವೇದ ಸೇರಿಸಿ ನೋಡುವ ವಿಭಾಗವೂ ಇದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದದ್ದು, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಬನಶಂಕರಿ ಹುಡುಗಿ:
ಅಕ್ಕಾ, ಓದಿ ಅಳು ಬಂತು. ಸರ್, ನಾಳೆಯೇ ವಿಚಾರಿಸುತ್ತೇನೆ. ಮತ್ತೆ ಸ್ಕೂಟರ್ ಓಡಿಸಲೇಬೇಕಾ?

ಆಪ್ತಸಮಾಲೋಚಕ, ಬಸವನಗುಡಿ:
ಬಲವಂತ ಇಲ್ಲ. ಆದರೆ ತಪ್ಪಿಸಿಕೊಂಡಷ್ಟೂ ಭಯ ಜಾಸ್ತಿಯಾಗುತ್ತದೆ. ಥೆರಪಿಸ್ಟ್ ಜೊತೆ ಕೂತು ಮೆಟ್ಟಿಲು ಹಾಕಿಕೊಳ್ಳಿ. ಮೊದಲು ಎಂಜಿನ್ ಆಫ್ ಮಾಡಿದ ಗಾಡಿ ಮೇಲೆ ಸುಮ್ನೆ ಕೂರುವುದು, ಆಮೇಲೆ ಭಾನುವಾರ ಬೆಳಿಗ್ಗೆ ಮನೆ ಮುಂದಿನ ರಸ್ತೆ. ಹೊಸೂರು ರಸ್ತೆ ಎಲ್ಲಕ್ಕಿಂತ ಕೊನೆಗೆ.