ಸಹಾಯ ಬೇಕು: ಸ್ವಯಂಸೇವಕರ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಟ್ರಸ್ಟ್ ಅಡಿ ನಡೆಯುವ ಸಣ್ಣ ನಾಟಕ ತಂಡ. ಅನುದಾನದ ಅರ್ಜಿಯಲ್ಲಿ 'ನಿಮ್ಮ ಕೆಲಸದಿಂದ ಆಗುವ ಆರ್ಥಿಕ ಲಾಭ' ಅಂತ ಒಂದು ಕಾಲಂ ಇದೆ. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ.

ಟಿಕೆಟ್ ದುಡ್ಡಿನ ಲೆಕ್ಕ ಸುಲಭ. ಸಂಬಳವಿಲ್ಲದೆ ದುಡಿಯುವವರ ಸಮಯಕ್ಕೆ ಏನು ಬೆಲೆ? ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಇದಕ್ಕೊಂದು ಕೈಪಿಡಿ ತಂದಿದೆ. ಅದೇ ಕೆಲಸಕ್ಕೆ ಜನ ಇಟ್ಟಿದ್ದರೆ ಎಷ್ಟು ಕೊಡಬೇಕಿತ್ತೋ ಅದೇ ಬೆಲೆ ಅನ್ನುತ್ತದೆ. ಲೈಟಿಂಗ್ ಮಾಡುವವರಿಗೆ ಸರಿ, ಪಾತ್ರ ಮಾಡುವವರಿಗೆ ಯಾವ ದರ ಹಿಡಿಯೋದು? ಯಾರಾದರೂ ಇಂಥ ಲೆಕ್ಕ ಮಾಡಿದ್ದರೆ ತೋರಿಸ್ತೀರಾ?

ಇನ್ನೊಂದು ಪ್ರಶ್ನೆ. ಅರ್ಥಶಾಸ್ತ್ರಜ್ಞರಾದ ಬಾಮೊಲ್ ಮತ್ತು ಬೋವೆನ್ 1966ರಲ್ಲೇ ಹೇಳಿದ್ದರು: ಯಂತ್ರ ಬಂದರೆ ಕಾರ್ಖಾನೆಯಲ್ಲಿ ಕಡಿಮೆ ಜನ ಸಾಕು, ನಾಟಕಕ್ಕೆ ಮಾತ್ರ ಅಷ್ಟೇ ಜನ, ಅಷ್ಟೇ ಹೊತ್ತು ಬೇಕು. ಹೊರಗೆ ಸಂಬಳ ಏರಿದಂತೆ ನಮ್ಮ ಖರ್ಚೂ ಏರುತ್ತದೆ. ಇದನ್ನು ಬರೆದರೆ ದಾನಿಗಳು ಒಪ್ಪುತ್ತಾರಾ, ಸುಮ್ನೆ ನೆಪ ಅಂದುಕೊಳ್ತಾರಾ?

ಪ್ರೇಕ್ಷಕರು ಊಟಕ್ಕೆ, ಓಡಾಟಕ್ಕೆ ಮಾಡುವ ಖರ್ಚನ್ನೂ ನಮ್ಮ ಲಾಭಕ್ಕೆ ಸೇರಿಸಿ ಅಂತ ಒಬ್ಬರು ಸಲಹೆ ಕೊಟ್ಟರು. ನನಗದು ಜಾಸ್ತಿಯಾಯ್ತು ಅನಿಸಿತು. ನಾಟಕ ಇಲ್ಲದಿದ್ದರೂ ಆ ದುಡ್ಡು ಇನ್ನೆಲ್ಲೋ ಖರ್ಚಾಗುತ್ತಿತ್ತು, ಅಲ್ವಾ? ಆಡಿಟ್ ಗೊತ್ತಿರುವವರು ದಯವಿಟ್ಟು ಹೇಳಿ.