ಮಕ್ಕಳ ಗ್ರಾಮಸಭೆಯಲ್ಲಿ ಬಳಚಿನ (ಚಿಪ್ಪುಮೀನಿನ) ವಿಷಯ ಎತ್ತಬಹುದಾ?

ಕುಮಟಾ ಕಡೆಯ ಅಮ್ಮ:
ನಮ್ಮ ಮನೆ ಅಘನಾಶಿನಿ ದಂಡೆಯಲ್ಲಿ. ಏಳನೇ ಕ್ಲಾಸಿನ ಮಗಳು ಇಳಿತದ ಹೊತ್ತಿಗೆ ಅಜ್ಜಿ ಜೊತೆ ಬಳಚು ಹೆಕ್ಕಲು ಹೋಗುತ್ತಾಳೆ. ಸಣ್ಣ ಮರಿಗಳನ್ನೂ ಒಯ್ಯುತ್ತಾರೆ ಅಂತ ಅವಳಿಗೆ ಸಿಟ್ಟು. ಮಕ್ಕಳ ಗ್ರಾಮಸಭೆಯಲ್ಲಿ ಹೇಳಬೇಕಂತೆ. ಹೋದ ಸಲ ಅಲ್ಲಿ ಭಾಷಣ, ಬಿಸ್ಕತ್ತು, ಫೋಟೋ. ಅಷ್ಟೇ. ಹೇಳಿ ಪ್ರಯೋಜನ ಇದೆಯಾ?

ಶಿರಸಿ ಮೇಷ್ಟ್ರು:
ಹೇಳಲಿ, ಅದು ಅವಳ ಹಕ್ಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇದೇ. ಭಾರತ 1992ರಲ್ಲಿ ಒಪ್ಪಿದೆ. ಸುಮ್ನೆ ಬಾಯಲ್ಲಿ ಹೇಳಿದರೆ ಮರೆತುಬಿಡುತ್ತಾರೆ. ಬರೆದು ಪಿಡಿಒ ಕೈಗೆ ಕೊಡಲಿ. ನಡಾವಳಿಯಲ್ಲಿ ಸೇರಿತಾ ಅಂತ ನೀವು ನೋಡಿ.

ಅಂಕೋಲೆಯವಳು:
ಬಳಚು ಹೆಕ್ಕುವ ಹೆಂಗಸರನ್ನೂ ಕರೆಯಿರಿ. ಅದು ಅವರ ಹೊಟ್ಟೆಪಾಡು. ಮಕ್ಕಳು ಬೈದ ಹಾಗಾಗಬಾರದು, ಅಲ್ವಾ? ಯಾವ ಜಾಗ ಸ್ವಲ್ಪ ದಿನ ಬಿಡಬಹುದು ಅಂತ ಅವರನ್ನೇ ಕೇಳಲಿ.

ಕುಮಟಾ ಕಡೆಯ ಅಮ್ಮ:
ಅಜ್ಜಿಯನ್ನೇ ಕರೆದುಕೊಂಡು ಹೋಗುತ್ತಾಳಂತೆ. ಪಿಡಿಒ ಪಾಡು ದೇವರಿಗೇ ಪ್ರೀತಿ!